ಎಫ್ ಎಂಟು ಮತ್ತು ಮಡಚುವ ಕುರ್ಚಿ

ಬೆಳಿಗ್ಗೆ ಐದೂಮುಕ್ಕಾಲಕ್ಕೆ ಎದುರುಮನೆಯ ಟ್ಯಾಂಕ್ ತುಂಬಿ ಹರಿಯುತ್ತದೆ. ತಾರಸಿಯ ಅಂಚಿನ ಪೈಪಿನಿಂದ ನೀರು ಕೆಳಗಿನ ಸ್ಕೂಟರ್ ಶೆಡ್ಡಿನ ತಗಡಿನ ಮೇಲೆ ಬೀಳುತ್ತದೆ. ಮೊದಲು ತಟತಟ, ಆಮೇಲೆ ಒಂದೇ ಸಮನೆ ದಬದಬ. ಬೀದಿಗೆಲ್ಲ ಕೇಳಿಸುವ ಆ ಸದ್ದು ಆ ಮನೆಯವರಿಗೆ ಮಾತ್ರ ಕೇಳಿಸುವುದಿಲ್ಲ. ಚಿಕ್ಕಮ್ಮ ಅಡುಗೆಮನೆಯ ಕಿಟಕಿ ತೆರೆದು "ಮೋಟರ್, ರೀ" ಎನ್ನುತ್ತಾಳೆ. ಕೂಗುವುದಿಲ್ಲ, ಅಷ್ಟೇ ಸಾಕು. "ಹಾಂ, ಆಯ್ತು" ಎಂದು ಎದುರುಮನೆಯಾಕೆಯ ನಿದ್ದೆಯ ದನಿ ಬರುತ್ತದೆ, ನೀರು ನಿಲ್ಲುತ್ತದೆ.

"ನಿಮ್ಮ ಚಿಕ್ಕಮ್ಮ ಇಲ್ದಿದ್ರೆ ನಮ್ಮನೆ ಯಾವತ್ತೋ ತೇಲಿ ಹೋಗ್ತಿತ್ತು" ಎಂದು ಆಕೆ ಒಮ್ಮೆ ನನಗೆ ಹೇಳಿದ್ದಳು.

"ತೇಲಿದ್ರೆ ಸ್ಯಾಂಪಲ್ ತಗೊಂಡು ಹೋಗಿ ಪರೀಕ್ಷೆ ಮಾಡಿಸ್ತೀನಿ ಅಂತ ಹೇಳು" ಅಂದಳು ಚಿಕ್ಕಮ್ಮ.

ಕಾಲೇಜಿಗೆ ಹತ್ತಿರವೆಂದು ಮೂರು ವರ್ಷದಿಂದ ನಾನು ಅವಳ ಮನೆಯಲ್ಲಿದ್ದೇನೆ. ಅಮ್ಮನಿಗಿಂತ ಆರು ವರ್ಷ ಚಿಕ್ಕವಳು, ಮದುವೆಯಾಗಿಲ್ಲ, ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಟೈಪಿಸ್ಟ್. ಅವಳ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ. ಉಳಿದದ್ದನ್ನು ಅವಳು ಒಂದೇ ಸಲಕ್ಕೆ ಹೇಳಲಿಲ್ಲ. ಬೀನ್ಸ್ ಸೋಸುವಾಗ ಒಂದಿಷ್ಟು, ಬಟ್ಟೆ ಮಡಚುವಾಗ ಒಂದಿಷ್ಟು. ಹೇಳುತ್ತಾ ಹೇಳುತ್ತಾ ಎದ್ದು ಹೋಗಿಬಿಡುವುದು ಅವಳ ಅಭ್ಯಾಸ. ಮಾತಿನ ಬಾಲ ಯಾವಾಗಲೂ ಪಕ್ಕದ ಕೋಣೆಯಲ್ಲಿ ಬಿದ್ದಿರುತ್ತಿತ್ತು.

ಯಾವುದೋ ಊರಿನ ಬಾವಿ, ಕೊಳವೆಬಾವಿ, ಕೆರೆಯ ನೀರು ಬಾಟಲಿಯಲ್ಲಿ ಅವರ ಪ್ರಯೋಗಾಲಯಕ್ಕೆ ಬರುತ್ತದೆ. ಪರೀಕ್ಷೆ ಮಾಡುವವರು ಅದರಲ್ಲಿ ಎಷ್ಟು ಗಡಸುತನ, ಎಷ್ಟು ಕಬ್ಬಿಣ, ಎಷ್ಟು ಫ್ಲೋರೈಡ್ ಎಂದು ಅಳೆಯುತ್ತಾರೆ. ನೀರು ಕಳಿಸಿದವರಿಗೆ ಆ ಅಂಕಿಗಳನ್ನು ಹಾಕಿ, ಕುಡಿಯಬಹುದು ಅಥವಾ ಕುಡಿಯಬಾರದು ಎಂದು ಪತ್ರ ಹೋಗಬೇಕು. ಆ ಪತ್ರ ಚಿಕ್ಕಮ್ಮನ ಕೆಲಸ.

ಅಲ್ಲೊಂದು ಹಳೆಯ ನಿಯಮವಿದೆ. ಬಹಳ ಹಿಂದೆ ಯಾರೋ ಸೊನ್ನೆ ಪಾಯಿಂಟ್ ಮೂರು ಎಂದಿದ್ದ ಕಬ್ಬಿಣವನ್ನು ಕಣ್ಣಲ್ಲಿ ನೋಡಿ ಮೂರು ಎಂದು ಟೈಪ್ ಹೊಡೆದು, ಒಂದು ಓಣಿಯವರು ಬೇಸಿಗೆ ಪೂರ್ತಿ ತಮ್ಮ ಒಳ್ಳೆಯ ಬಾವಿಗೆ ಮುಚ್ಚಳ ಹಾಕಿಕೊಂಡು ಕೂತಿದ್ದರಂತೆ. ಅಂದಿನಿಂದ ಅಂಕಿಗಳನ್ನು ನೋಡಿಕೊಂಡು ಟೈಪ್ ಮಾಡುವ ಹಾಗಿಲ್ಲ. ಪರೀಕ್ಷೆ ಮಾಡಿದವರೇ ಬಂದು ಓದಬೇಕು, ಟೈಪಿಸ್ಟ್ ಕೇಳಿ ಹೊಡೆಯಬೇಕು, ಹೊಡೆದದ್ದನ್ನು ತಿರುಗಿ ಓದಬೇಕು, ಇಬ್ಬರೂ ಸಹಿ ಹಾಕಬೇಕು.

ಚಿಕ್ಕಮ್ಮನಿಗೆ ಇಪ್ಪತ್ತೊಂಬತ್ತು ಇದ್ದಾಗ ಓದಲು ಬರುತ್ತಿದ್ದವರನ್ನು ಕಚೇರಿಯಲ್ಲಿ ಎಲ್ಲರೂ ಪಾಯಿಂಟ್ ಸರ್ ಎನ್ನುತ್ತಿದ್ದರು. ಬೇರೆಯವರು ಅವಸರದಲ್ಲಿ ನುಂಗುತ್ತಿದ್ದ ಪಾಯಿಂಟನ್ನು ಅವರು ಒಂದು ಕ್ಷಣ ನಿಂತು, ಮೆಟ್ಟಿಲ ಮೇಲೆ ಕಾಲಿಡುವಂತೆ ಇಟ್ಟು ಹೇಳುತ್ತಿದ್ದರಂತೆ. ಮಧ್ಯಾಹ್ನ ಮೂರಕ್ಕೆ ದಪ್ಪ ರಿಜಿಸ್ಟರ್ ಹಿಡಿದು ಬರುವರು. ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಮಡಚುವ ಕುರ್ಚಿಯನ್ನು ಬಿಚ್ಚಿ ಅವಳ ಮೇಜಿನ ಎಡಕ್ಕೆ ಹಾಕಿಕೊಳ್ಳುವರು. ನಾಲ್ಕೂವರೆಗೆ ಮಡಚಿ ಮತ್ತೆ ಗೋಡೆಗೆ ಒರಗಿಸಿ ಹೋಗುವರು.

"ಗಡಸುತನ, ನಾನೂರ ಹತ್ತು. ಕಬ್ಬಿಣ, ಸೊನ್ನೆ, ಪಾಯಿಂಟ್, ಎರಡು."

"ನಾನೂರ ಹತ್ತು. ಸೊನ್ನೆ ಪಾಯಿಂಟ್ ಎರಡು."

"ಈ ಬಾವಿ ನೀರು ಸಿಹಿ."

"ಅದನ್ನ ಎಲ್ಲಿ ಹೊಡೀಲಿ ಸರ್, ಅದಕ್ಕೆ ಕಾಲಂ ಇಲ್ವಲ್ಲ."

"ಹೊಡೀಬೇಡಿ. ರುಚಿ ನೋಡೋದು ನಿಯಮದಲ್ಲಿಲ್ಲ."

ನಾಲ್ಕು ವರ್ಷ ಅವರಿಬ್ಬರ ನಡುವೆ ನಡೆದ ಮಾತು ಹೆಚ್ಚುಕಡಿಮೆ ಇಂಥದ್ದೇ. "ಮತ್ತೇನೂ ಮಾತಾಡ್ತಿರಲಿಲ್ವಾ?" ಎಂದು ನಾನು ಕೇಳಿದ್ದಕ್ಕೆ ಚಿಕ್ಕಮ್ಮ ಸ್ವಲ್ಪ ಯೋಚಿಸಿದಳು. "ದಿನಕ್ಕೆ ನಲವತ್ತು ಪತ್ರ ಕಣೇ. ಒಂದೊಂದರಲ್ಲಿ ಒಂಬತ್ತು ಅಂಕಿ. ಅಷ್ಟು ಮಾತು ನಿಮ್ಮಪ್ಪ ಅಮ್ಮ ಆಡ್ತಾರಾ ದಿನಕ್ಕೆ?"

ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಪಾಯಿಂಟ್ ಸರ್ ಅವರ ಗಂಟಲು ಕಟ್ಟಿತು. ಹತ್ತನೆಯ ಪತ್ರಕ್ಕೇ ದನಿ ಒಡೆಯುತ್ತಿತ್ತು. ಇಪ್ಪತ್ತಕ್ಕೆ ಬರೀ ಗಾಳಿ. ಆದರೂ ಪಾಯಿಂಟನ್ನು ಬಿಡುತ್ತಿರಲಿಲ್ಲ. ಡಾಕ್ಟರು ಮಾತು ಕಡಿಮೆ ಮಾಡಿ ಅಂದಿದ್ದಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದು ಚಿಕ್ಕಮ್ಮನ ಕಿವಿಗೆ ಬಿತ್ತು.

ಆಗಷ್ಟೇ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಪತ್ರಗಳು ಅವಳ ಯಂತ್ರದಲ್ಲಿ, ಅಂಕಿಗಳ ಶೀಟ್ ಪಕ್ಕದ ಕೋಣೆಯ ಯಂತ್ರದಲ್ಲಿ, ನಡುವೆ ಗೋಡೆಯೊಳಗಿಂದ ಹಾದ ಒಂದು ತಂತಿ. ಬೀರುವಿನಲ್ಲಿ ದಿಂಬಿನಷ್ಟು ದಪ್ಪದ ಕೈಪಿಡಿಯೊಂದು ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಬಿದ್ದಿತ್ತು. ಅದರಲ್ಲಿ ಮ್ಯಾಕ್ರೋ ಎಂಬ ಅಧ್ಯಾಯ ಅವಳಿಗೆ ಸಿಕ್ಕಿತು. ನಾವು ಮಾಡುವ ಕೆಲಸಗಳನ್ನು ಸಾಲಾಗಿ ಬರೆದು ಒಂದು ಕೀಗೆ ಕಟ್ಟಿಬಿಟ್ಟರೆ, ಆ ಕೀ ಒತ್ತಿದಾಗ ಯಂತ್ರ ಅವನ್ನೆಲ್ಲ ತಾನೇ ಮಾಡುತ್ತದೆ. ಪತ್ರದೊಳಗಿಂದಲೇ ಬೇರೆ ಪ್ರೋಗ್ರಾಮನ್ನೂ ಎಬ್ಬಿಸಬಹುದು, ಅದು ಯಾವ ಫೋಲ್ಡರಿನಲ್ಲಿ ಮಲಗಿದೆಯೆಂದು ವಿಳಾಸ ಸರಿಯಾಗಿ ಬರೆದರಾಯಿತು.

ಕಚೇರಿ ಮುಗಿದ ಮೇಲೆ ದಿನಕ್ಕೊಂದು ಗಂಟೆ ಕೂತು ಇಪ್ಪತ್ತೊಂದು ದಿನಕ್ಕೆ ಅವಳು ಅದನ್ನು ಬರೆದು ಮುಗಿಸಿದಳು. ಯಾರಿಗೂ ಹೇಳಲಿಲ್ಲ. ಅವರ ಗಂಟಲು ಬೇಗ ವಾಸಿಯಾಗಲಿ, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಮ್ಯಾಕ್ರೋಗೆ ಒಂದು ಹೆಸರು ಕೊಡಬೇಕಿತ್ತು. ಪಾಯಿಂಟ್ ಎಂದು ಇಟ್ಟಳು.

ತೋರಿಸುವ ದಿನ ಕಚೇರಿಯೆಲ್ಲ ಅವಳ ಕೋಣೆಯಲ್ಲಿ ನೆರೆದಿತ್ತು. ಅವಳು ಮ್ಯಾಕ್ರೋ ಕಟ್ಟಿದ್ದ ಎಫ್ ಎಂಟು ಕೀ ಒತ್ತಿದಳು. ಪತ್ರ ಹಿಂದಕ್ಕೆ ಸರಿಯಿತು, ಅಂಕಿಗಳ ಶೀಟ್ ತಾನಾಗಿ ತೆರೆದುಕೊಂಡಿತು, ಒಂಬತ್ತು ಅಂಕಿಗಳು ಬಂದು ಪತ್ರದ ಒಂಬತ್ತು ಖಾಲಿ ಜಾಗದಲ್ಲಿ ಕೂತವು, ವಿಳಾಸಗಳ ಪಟ್ಟಿ ತೆರೆದು ಮುಚ್ಚಿತು, ಪ್ರಿಂಟರ್ ಕಿರುಗುಟ್ಟಿತು. ಯಾರೂ ಬಾಯಿ ತೆರೆಯಲಿಲ್ಲ, ಯಾರ ಬೆರಳೂ ಓಡಲಿಲ್ಲ. ಆಗಿನ ಮುಖ್ಯಸ್ಥರು ಚಪ್ಪಾಳೆ ತಟ್ಟಿ ಎಲ್ಲರಿಗೂ ಟೀ ತರಿಸಿದರು. ಯಂತ್ರವೇ ತಂದ ಅಂಕಿಗೆ ಇನ್ನು ಓದುವ ನಿಯಮ ಬೇಡ ಎಂದು ಅಲ್ಲೇ ಒಂದು ಆದೇಶ ಬರೆಸಿದರು. ಅದನ್ನು ಟೈಪ್ ಮಾಡಿದವಳೂ ಚಿಕ್ಕಮ್ಮನೇ.

ಪಾಯಿಂಟ್ ಸರ್ ಬಾಗಿಲ ಹತ್ತಿರ ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. "ಒಳ್ಳೇದಾಯ್ತು" ಎಂದರು, ಆ ಒಡೆದ ದನಿಯಲ್ಲಿ.

ಮರುದಿನ ಮೂರು ಗಂಟೆಯಾಯಿತು. ಮೂರೂಕಾಲು ಆಯಿತು. ಚಿಕ್ಕಮ್ಮ ಬಾಗಿಲ ಕಡೆ ನೋಡಿದಳು, ಗೋಡೆಗೆ ಒರಗಿದ್ದ ಕುರ್ಚಿಯ ಕಡೆ ನೋಡಿದಳು. ತಾನು ಏನು ಮಾಡಿಕೊಂಡೆ ಎಂಬುದು ಅವಳಿಗೆ ಹೊಳೆದದ್ದು ಆಗ.

"ಹೋಗಿ ಮಾತಾಡಬಹುದಿತ್ತಲ್ಲ, ಪಕ್ಕದ ಕೋಣೆ ತಾನೇ?" ಅಂದೆ ನಾನು.

"ಏನಂತ ಮಾತಾಡ್ಲಿ? ನಾನೂರ ಹತ್ತು ಅಂತಾನಾ?" ಎಂದು ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎರಡು ತಿಂಗಳಾದ ಮೇಲೆ ಅವರು ತಾವಾಗಿಯೇ ಕೇಳಿಕೊಂಡು ಬೇರೆ ಊರಿನ ಶಾಖೆಗೆ ವರ್ಗ ಮಾಡಿಸಿಕೊಂಡರು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿ ಪರೀಕ್ಷೆ ಮಾಡಲು ಅವರೊಬ್ಬರೇ. ಅವರ ಅಂಕಿಗಳು ಮೊದಲು ಫ್ಲಾಪಿಯಲ್ಲಿ, ಆಮೇಲೆ ತಂತಿಯ ಮೂಲಕ ತಪ್ಪದೆ ಬಂದವು. ಎಫ್ ಎಂಟು ಒತ್ತಿದರೆ ಬಂದು ಪತ್ರದಲ್ಲಿ ಕೂತವು. ಇಪ್ಪತ್ತನಾಲ್ಕು ವರ್ಷ. ವರ್ಷಕ್ಕೆ ಎರಡು ಸಲ ಸಭೆಯಲ್ಲಿ ಇಬ್ಬರೂ ಎದುರಾದರೆ ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ. ಅವರೂ ಮದುವೆಯಾಗಲಿಲ್ಲ. ಅದಕ್ಕೂ ತನಗೂ ಸಂಬಂಧವಿದೆಯೆಂದು ಅಂದುಕೊಳ್ಳುವಷ್ಟು ಧೈರ್ಯ ಚಿಕ್ಕಮ್ಮನಿಗಿರಲಿಲ್ಲ. ಮೂಲೆಯಲ್ಲಿ ಬಿಚ್ಚಿಟ್ಟ ಕುರ್ಚಿಯ ಮೇಲೆ ಕಾಗದದ ಕಟ್ಟುಗಳು ಏರಿದವು. ಕೀಬೋರ್ಡುಗಳು ನಾಲ್ಕು ಸಲ ಬದಲಾದವು. ನಾಲ್ಕರಲ್ಲೂ ಮೊದಲು ಅಳಿಸಿಹೋದದ್ದು ಎಫ್ ಎಂಟರ ಅಕ್ಷರ.

ಈ ವರ್ಷ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದವು. ಅದೇ ತಿಂಗಳ ಕೊನೆಗೆ ಪಾಯಿಂಟ್ ಸರ್ ನಿವೃತ್ತರಾಗುವವರಿದ್ದರು. ಸೋಮವಾರ ಬೆಳಿಗ್ಗೆ ಚಿಕ್ಕಮ್ಮ ಹೊಸ ಯಂತ್ರದಲ್ಲಿ ಎಫ್ ಎಂಟು ಒತ್ತಿದಾಗ ಪತ್ರ ಕದಲಲಿಲ್ಲ. ಹೇಳಿದ ಜಾಗದಲ್ಲಿ ಪ್ರೋಗ್ರಾಂ ಸಿಗಲಿಲ್ಲ ಎಂದು ಒಂದು ಸಣ್ಣ ಚೌಕ ಬಂತು.

ಅವಳು ಮ್ಯಾಕ್ರೋ ತೆರೆದಳು. ಹನ್ನೊಂದನೆಯ ಸಾಲು ನೋಡಿದ ಕೂಡಲೇ ಗೊತ್ತಾಯಿತು. ಹೊಸ ಯಂತ್ರದಲ್ಲಿ ಪ್ರೋಗ್ರಾಮುಗಳು ಬೇರೆ ಫೋಲ್ಡರಿಗೆ ಹೋಗಿದ್ದವು, ಸಾಲಿನಲ್ಲಿದ್ದದ್ದು ಹಳೆಯ ವಿಳಾಸ. ಒಂದು ಸಾಲು ತಿದ್ದುವುದು ಐದು ನಿಮಿಷದ ಕೆಲಸ. ಅವಳ ಬೆರಳು ಕೀಬೋರ್ಡಿನ ಮೇಲೆ ಇತ್ತು. ಅಷ್ಟರಲ್ಲಿ ಮುಖ್ಯಸ್ಥೆ ಒಳಗೆ ಬಂದರು. ಈಗಿನವರು, ಚಿಕ್ಕಮ್ಮನಿಗಿಂತ ಹದಿನೈದು ವರ್ಷ ಚಿಕ್ಕವರು.

"ಓಡ್ತಾ ಇಲ್ವಾ?"

"ಇಲ್ಲ ಮೇಡಂ."

"ಹಾಗಾದ್ರೆ ಸರಿಯಾಗೋವರೆಗೂ ಹಳೇ ನಿಯಮ. ಓದಿ ಹೇಳ್ಲಿ, ನೀವು ಹೊಡೀರಿ. ಶಾಖೆಯವರು ಫೋನಲ್ಲಿ ಓದ್ಲಿ. ಎಷ್ಟು ದಿನ ಬೇಕು ನಿಮಗೆ?"

ಚಿಕ್ಕಮ್ಮ ಮ್ಯಾಕ್ರೋ ಮುಚ್ಚಿದಳು. "ನೋಡ್ತೀನಿ ಮೇಡಂ" ಎಂದಳು.

ಮಧ್ಯಾಹ್ನ ಅವಳು ಕುರ್ಚಿಯ ಮೇಲಿನ ಕಟ್ಟುಗಳನ್ನು ಇಳಿಸಿ, ಧೂಳು ಒರೆಸಿ, ಮೇಜಿನ ಎಡಕ್ಕೆ ಹಾಕಿದಳು. ಎರಡೂ ಕೈ ಟೈಪಿಗೆ ಬೇಕಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಆ ಕುರ್ಚಿಯ ಮೇಲೆ ಇಟ್ಟಳು. ಮೂರಕ್ಕೆ ಅದು ರಿಂಗಾಯಿತು.

"ಓದಲಾ?" ದನಿ ಇಳಿದಿತ್ತು, ಮುದಿಯಾಗಿತ್ತು, ಆದರೆ ಒಡೆದಿರಲಿಲ್ಲ.

"ಓದಿ ಸರ್."

"ಗಡಸುತನ, ಮುನ್ನೂರ ಅರವತ್ತು. ಕಬ್ಬಿಣ, ಸೊನ್ನೆ, ಪಾಯಿಂಟ್, ಒಂದು."

ಅವಳು ತಿರುಗಿ ಓದಿದಳು. ಓದುವಾಗ ತನ್ನ ದನಿಯೇ ತನಗೆ ಗುರುತು ಸಿಗಲಿಲ್ಲ ಎಂದು ನನಗೆ ಹೇಳಿದಳು.

ಆ ವಾರ ಮನೆಯಲ್ಲಿ ಅವಳು ಬೇರೆಯೇ ಇದ್ದಳು. ಬೆಳಿಗ್ಗೆ ಸೀರೆ ಆರಿಸುವುದಕ್ಕೆ ಕಾಲು ಗಂಟೆ. "ಯಾರು ನೋಡ್ತಾರೆ ಅಂತ ಇಷ್ಟು ಇಸ್ತ್ರಿ?" ಎಂದು ಕೇಳಿದೆ. "ಯಾರೂ ಇಲ್ಲ, ಫೋನು" ಅಂದಳು, ನಗದೆ. ಮಂಗಳವಾರ ಟ್ಯಾಂಕ್ ತುಂಬಿ ಸುರಿಯುತ್ತಿದ್ದರೂ ಕಿಟಕಿಯ ಹತ್ತಿರ ಸೌಟು ಹಿಡಿದು ಸುಮ್ಮನೆ ನಿಂತಿದ್ದಳು. ಕೊನೆಗೆ ನಾನೇ ಮೋಟರ್ ಅಂದೆ.

ಕಚೇರಿಯಲ್ಲಿ ಪತ್ರಗಳು ಬೆಟ್ಟವಾಗುತ್ತಿದ್ದವು. ದಿನಕ್ಕೆ ಹೋಗಬೇಕಾದ ಎಪ್ಪತ್ತರಲ್ಲಿ ಮೂವತ್ತು ಹೋದರೆ ಹೆಚ್ಚು. ಅಲ್ಲಿನ ಇಬ್ಬರು ಎಳೆಯ ಪರೀಕ್ಷಕಿಯರಿಗೆ ಓದಿ ಓದಿ ಸಾಕಾಗಿಹೋಗಿತ್ತು.

"ಆಂಟಿ, ನಿಮ್ಮ ಎಫ್ ಎಂಟಿಗೆ ಯಾವಾಗ ಪ್ರಜ್ಞೆ ಬರುತ್ತೆ?"

"ನನ್ನ ಬಾಯಿ ನೋಡಿ ಆಂಟಿ, ಒಣಗಿ ರೊಟ್ಟಿ ಆಗಿದೆ. ನಮ್ಮದನ್ನ ಎಕ್ಸ್‌ಪ್ರೆಸ್ ತರ ಹೊಡೀತೀರಿ, ಆ ಶಾಖೆಯವರದ್ದು ಮಾತ್ರ ಪ್ಯಾಸೆಂಜರ್ ಗಾಡಿ. ಎಲ್ಲಾ ಸ್ಟೇಷನ್ನಲ್ಲೂ ನಿಲ್ಲುತ್ತೆ."

"ಅವರು ನಿಧಾನಕ್ಕೆ ಓದ್ತಾರೆ" ಅಂದಳು ಚಿಕ್ಕಮ್ಮ.

"ಅವರು ಓದೋದು ನಿಧಾನಾನೋ, ನೀವು ಕೇಳೋದು ನಿಧಾನಾನೋ" ಎಂದು ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಅವರಿಗೆ ಏನೂ ಗೊತ್ತಿರಲಿಲ್ಲ. ಆದರೂ ಚಿಕ್ಕಮ್ಮನ ಕಿವಿ ಬಿಸಿಯಾಯಿತಂತೆ.

ಗುರುವಾರ ಫೋನಿನಲ್ಲಿ, ಕೊನೆಯ ಪತ್ರವಾದ ಮೇಲೆ, ಅವರು ಇದ್ದಕ್ಕಿದ್ದಂತೆ ಹೇಳಿದರು. "ಇದು ಚೆನ್ನಾಗಿದೆ."

"ಯಾವ ಬಾವಿ ಸರ್?"

"ಬಾವಿ ಅಲ್ಲ. ಇದು. ಓದೋದು." ಆಮೇಲೆ, "ನಾಳೆ ಮೂರಕ್ಕೆ ಮಾಡ್ತೀನಿ" ಎಂದು ಇಟ್ಟರು.

ಅವತ್ತು ರಾತ್ರಿ ಊಟ ಬಡಿಸುತ್ತಾ ಅವಳು ನನಗೆ ಲೆಕ್ಕ ಹೇಳಿದಳು. ಅವರು ನಿವೃತ್ತರಾಗುವುದಕ್ಕೆ ಇನ್ನು ಹನ್ನೆರಡು ದಿನ. ಅದರಲ್ಲಿ ಎಂಟು ಕೆಲಸದ ದಿನ. ಎಂಟು ಸಲ ಮೂರು ಗಂಟೆ. "ಆಮೇಲೆ ಸರಿ ಮಾಡ್ತೀನಿ" ಎಂದಳು. ನಾನು ತಟ್ಟೆಯಿಂದ ತಲೆ ಎತ್ತಿದೆ. ಅದಕ್ಕೇ ಉತ್ತರ ಕೊಡುವವಳಂತೆ "ಎಂಟೇ ದಿನ ಕಣೇ" ಎಂದಳು.

ಶುಕ್ರವಾರ ಹನ್ನೊಂದು ಗಂಟೆಗೆ ಕಚೇರಿಯ ಕಿಟಕಿಯ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಯಾವುದೋ ಶಾಲೆಯಲ್ಲಿ ಅಡುಗೆ ಮಾಡುವವಳು. ಅವರ ಶಾಲೆಯ ಕೊಳವೆಬಾವಿಯ ನೀರು ಪರೀಕ್ಷೆಗೆ ಬಂದು ಹತ್ತು ದಿನವಾಗಿತ್ತು. ಪತ್ರ ಬರುವವರೆಗೂ ಆ ನೀರು ಮುಟ್ಟಬೇಡಿ ಎಂದು ಮೇಷ್ಟ್ರು ಹ್ಯಾಂಡ್‌ಪಂಪಿಗೆ ಹಗ್ಗ ಸುತ್ತಿದ್ದರು.

"ದೂರದಿಂದ ಹೊತ್ತು ತರ್ತೀನಿ ಅಕ್ಕ, ದಿನಕ್ಕೆ ಹದಿನಾಲ್ಕು ಕೊಡ. ಸೋಮವಾರ ಬರುತ್ತೆ ಅಂದ್ರು. ಬರಲಿಲ್ಲ. ಒಳ್ಳೇದಿಲ್ಲ ಅಂದ್ರೆ ಇಲ್ಲ ಅನ್ನಿ, ಹೊತ್ಕೋತೀನಿ. ಒಳ್ಳೇದಿದ್ದೂ ಹೊರೋದು ಅಂದ್ರೆ ಹೇಗೆ?"

ಜಗಳದ ದನಿಯಲ್ಲ. ಕಿಟಕಿಯ ಕಟ್ಟೆಯ ಮೇಲೆ ಅವಳು ಕೈ ಇಟ್ಟಿದ್ದಳು. ಅಂಗೈ ಬುಡದಲ್ಲಿ ಕೊಡದ ಕಂಠದ ಗುರುತು, ಕೆಂಪಗೆ.

ಚಿಕ್ಕಮ್ಮ ಕಟ್ಟು ಹುಡುಕಿದಳು. ಆ ಶಾಲೆಯ ನೀರು ಕಳೆದ ಶುಕ್ರವಾರವೇ ಪರೀಕ್ಷೆಯಾಗಿ ಕಾದಿತ್ತು. ಯಾವ ದೋಷವೂ ಇರಲಿಲ್ಲ. ಸೋಮವಾರ ಅವಳು ಆ ಒಂದು ಸಾಲು ತಿದ್ದಿದ್ದರೆ ಅವತ್ತೇ ಹೋಗುತ್ತಿದ್ದ ಪತ್ರ.

"ಹತ್ತು ನಿಮಿಷ ಕೂತ್ಕೊಳ್ಳಿ" ಎಂದಳು. ಮಡಚುವ ಕುರ್ಚಿಯನ್ನು ಎತ್ತಿ ತಂದು ಕಿಟಕಿಯ ಆಚೆ ಹಾಕಿಕೊಟ್ಟಳು. ಒಳಗೆ ಬಂದು ಹನ್ನೊಂದನೆಯ ಸಾಲಿನ ಹಳೆಯ ವಿಳಾಸ ಅಳಿಸಿ ಹೊಸದು ಬರೆದಳು. ಎಫ್ ಎಂಟು ಒತ್ತಿದಳು. ಪತ್ರ ಹಿಂದಕ್ಕೆ ಸರಿಯಿತು, ಶೀಟ್ ತೆರೆದುಕೊಂಡಿತು, ಒಂಬತ್ತು ಅಂಕಿಗಳು ಓಡಿ ಬಂದು ಕೂತವು.

ಅಡುಗೆಯವಳು ಪತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದಳು. "ಕುಡೀಬಹುದಾ?"

"ಕುಡೀಬಹುದು. ಹಗ್ಗ ಬಿಚ್ಚೋಕೆ ಹೇಳಿ."

ಎರಡು ಗಂಟೆಯೊಳಗೆ ಇನ್ನೂರ ಹನ್ನೆರಡು ಪತ್ರಗಳು ಮುಗಿದವು. ಪರೀಕ್ಷಕಿಯರು ಪ್ರಿಂಟರಿಗೆ ಕೈಮುಗಿದರು. ಮುಖ್ಯಸ್ಥೆ "ಕೊನೆಗೂ ಕಂಡುಹಿಡಿದ್ರಲ್ಲ" ಎಂದು ಬೆನ್ನು ತಟ್ಟಿದರು. ಚಿಕ್ಕಮ್ಮ ಆ ಹೊಗಳಿಕೆಯನ್ನು ತಲೆ ತಗ್ಗಿಸಿಕೊಂಡು ನುಂಗಿದಳು.

ಮೂರಕ್ಕೆ ಫೋನ್ ಬಂತು. ಅವರಿಗೆ ಯಾರೂ ಹೇಳಿರಲಿಲ್ಲ.

"ಓದಲಾ?"

"ಸರ್, ಸರಿಯಾಯ್ತು ಅದು. ನಿಮ್ಮ ಅಂಕಿ ಎಲ್ಲಾ ಬಂದಿವೆ. ಪತ್ರಾನೂ ಆಗಿವೆ."

"ಓಹೋ." ಆಮೇಲೆ, "ಒಳ್ಳೇದಾಯ್ತು."

ಅದೇ ಮಾತು. ಬಾಗಿಲ ಹತ್ತಿರ ರಿಜಿಸ್ಟರ್ ಹಿಡಿದು ನಿಂತವರ ಮಾತು. ಇನ್ನೊಂದು ಇಪ್ಪತ್ತನಾಲ್ಕು ವರ್ಷ ತನ್ನ ಹತ್ತಿರ ಇಲ್ಲ ಎಂದು ಅವಳಿಗೆ ಅನ್ನಿಸಿತು.

"ಸೋಮವಾರವೇ ಗೊತ್ತಿತ್ತು ಸರ್ ನನಗೆ. ಒಂದು ಸಾಲು ತಪ್ಪಿತ್ತು ಅಷ್ಟೇ. ಬೇಕಂತಾನೇ ಬಿಟ್ಟಿದ್ದೆ."

ಆ ಕಡೆ ಹಿಂದೆಲ್ಲೋ ನಲ್ಲಿಯಿಂದ ಹನಿ ಬೀಳುವುದು ಕೇಳಿಸುತ್ತಿತ್ತು.

"ಹಾಗಾದ್ರೆ ಅವತ್ತು ಯಾಕೆ ಬರೆದ್ರಿ ಅದನ್ನ?"

"ನಿಮ್ಮ ಗಂಟಲು ನೋಯ್ತಿತ್ತಲ್ಲ."

"ಗಂಟಲು ಆಮೇಲೆ ಒಂದೇ ವಾರದಲ್ಲಿ ವಾಸಿಯಾಯ್ತು" ಎಂದರು ಅವರು. ಮತ್ತೆ ನಿಂತರು, ಪಾಯಿಂಟಿಗೆ ಮೊದಲು ನಿಲ್ಲುತ್ತಿದ್ದ ಹಾಗೆ. "ನಾನು ದಿನಾ ಬಂದು ಕೂರೋದು ನಿಮಗೆ ಕಿರಿಕಿರಿ ಆಗ್ತಿದೆ, ಬಾಯಿಬಿಟ್ಟು ಹೇಳೋಕಾಗದೆ ಯಂತ್ರದ ಕೈಲಿ ಹೇಳಿಸಿದ್ರಿ ಅಂದ್ಕೊಂಡೆ."

ಚಿಕ್ಕಮ್ಮ ಕಿಟಕಿಯ ಕಡೆ ನೋಡಿದಳು. ಕುರ್ಚಿ ಇನ್ನೂ ಕಿಟಕಿಯ ಆಚೆಯೇ ಇತ್ತು. ಫೋನು ಅವಳ ಮಡಿಲಲ್ಲಿತ್ತು.

"ಇನ್ನೊಂದಿದೆ" ಎಂದರು ಅವರು. "ಓದಲಾ?"

"ಎಲ್ಲಾ ಬಂದಾಗಿದೆ ಸರ್."

"ಇದು ಶೀಟಿಗೆ ಹಾಕಿಲ್ಲ. ಓದಲಾ?"

"ಓದಿ."

"ಗಡಸುತನ, ನೂರ ಎಂಬತ್ತು. ಕಬ್ಬಿಣ, ಸೊನ್ನೆ, ಪಾಯಿಂಟ್, ಸೊನ್ನೆ, ಐದು."

ಅವಳು ಹೊಡೆಯಲಿಲ್ಲ. ಬಾಯಲ್ಲಿ ಮಾತ್ರ ತಿರುಗಿ ಓದಿದಳು. ಒಂಬತ್ತೂ ಅಂಕಿಗಳು ಮುಗಿದ ಮೇಲೆ, "ಯಾರ ಬಾವಿ ಸರ್?" ಎಂದು ಕೇಳಿದಳು.

"ನಮ್ಮ ಮನೆ ಹಿಂದಿನದು. ಇಲ್ಲಿಗೆ ಬಂದ ವರ್ಷ ತೋಡಿಸಿದೆ. ರುಚಿ ಹೇಗಿದೆ ಅಂತ ಕೇಳೋಣ ಅಂದ್ರೆ ಇಷ್ಟು ವರ್ಷದಲ್ಲಿ ಯಾರೂ ಸಿಗಲಿಲ್ಲ." ಆಮೇಲೆ, "ನಿಯಮದಲ್ಲಿಲ್ಲ" ಎಂದರು.

ಶನಿವಾರ ಕಚೇರಿಗೆ ರಜೆ. ತಲೆಗೆ ಎಣ್ಣೆ ಹಚ್ಚಿಕೊಂಡಳು, ಹಚ್ಚಿಕೊಂಡದ್ದನ್ನು ತೊಳೆದುಕೊಂಡಳು. ಬಸ್ಸಿನ ವೇಳೆಯನ್ನು ನನ್ನ ಫೋನಿನಲ್ಲಿ ನೋಡಿಸಿ, ಬೇಡ ಬಿಡು ಎಂದಳು. ಒಂದು ಗಂಟೆ ಬಿಟ್ಟು ಮತ್ತೆ ನೋಡಿಸಿದಳು. "ಈ ವಯಸ್ಸಿಗೆ ನೀರು ಕುಡಿಯೋಕೆ ಅಂತ ಬಸ್ ಹತ್ತೋರು ಇರ್ತಾರೇನೇ?" ಎಂದು ಕೇಳಿದಳು. "ಬಾಯಾರಿಕೆ ಆದವರು ಇರ್ತಾರೆ" ಅಂದೆ. ತಲೆಗೆ ಮೊಟಕಿದಳು.

ಭಾನುವಾರ ಐದೂಮುಕ್ಕಾಲಕ್ಕೆ ಎದುರುಮನೆಯ ಟ್ಯಾಂಕ್ ತುಂಬಿತು. ತಟತಟ, ಆಮೇಲೆ ದಬದಬ. ನಾನು ಎದ್ದು ಬಂದಾಗ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಚಿಕ್ಕಮ್ಮ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಕೈಯಲ್ಲಿ ಕಚೇರಿಗೆ ಒಯ್ಯುವ ಬ್ಯಾಗು, ಅದರಲ್ಲಿ ಟಿಫಿನ್ ಡಬ್ಬಿ ಇರಲಿಲ್ಲ.

"ಆ ಮೋಟರಿಗೆ ನೀನೇ ಒಂದು ಮಾತು ಹೇಳಿಬಿಡು" ಎಂದಳು, ಮೆಟ್ಟಿಲು ಇಳಿಯುತ್ತಾ. "ಅನ್ನಕ್ಕೆ ಇಟ್ಟಿಲ್ಲ. ನಾನು ಮಧ್ಯಾಹ್ನದೊಳಗೆ ಬಂದ್ರೆ ಸರಿ, ಇಲ್ಲಾಂದ್ರೆ ನೀನು ಸುಮ್ಮನೆ ನಮ್ಮಕ್ಕನಿಗೆ ಫೋನ್ ಮಾಡಿ ಗಾಬರಿ ಹುಟ್ಟಿಸಬೇಡ, ನಾನೇ ಅವಳಿಗೆ ನಿಧಾನಕ್ಕೆ…" ಎನ್ನುತ್ತಾ ಗೇಟು ದಾಟಿ, ತಗಡಿನ ಮೇಲೆ ಸುರಿಯುವ ನೀರಿನ ಪಕ್ಕದಲ್ಲೇ ಹಾದು, ಬೀದಿಯ ತಿರುವಿನ ಕಡೆಗೆ ಹೊರಟುಹೋದಳು.